ಕುಹ್ಮೋ ರಸ್ತೆಯಲ್ಲಿ, ಮೊದಲ ಸಲ

ಬೆಳಗಿನ ಜಾವ ಮೂರೂ ಹತ್ತು.
ಕಯಾನಿಯ ಡಿಪೋದಿಂದ ಲಾರಿ ಹೊರಟಿತು,
ಮುಂದೆ ಹಿಮ ಕೆರೆಯುವ ಉಕ್ಕಿನ ಅಲಗು,
ಹಿಂದೆ ಎಂಟು ಟನ್ ಉಪ್ಪು ಬೆರೆತ ಮರಳು,
ಪಕ್ಕದ ಸೀಟಿನಲ್ಲಿ ಊಟದ ಡಬ್ಬಿಗೆ ಒರಗಿ
ಇನ್ನೂ ಪ್ಲಾಸ್ಟಿಕ್ಕು ಬಿಚ್ಚದ ಅವರ ಹೊಸ ಆಲ್ಬಂ.

ಒಂಬತ್ತು ವರ್ಷ.
ಅಷ್ಟರಲ್ಲಿ ನಾನು ಒಂದು ಮದುವೆ ಮುಗಿಸಿದೆ,
ಎರಡು ಹಲ್ಲು ಕೀಳಿಸಿದೆ,
ಮುಸ್ತತೆರ್ವಾ ಎಂದು ಬೆನ್ನಿಗೆ ಬರೆದಿದ್ದ ಅಂಗಿ
ಒಗೆದೊಗೆದು ಮೊದಲಕ್ಷರವನ್ನೇ ಕಳೆದುಕೊಂಡಿತು.
ಅವರು ಮಾತ್ರ ಇವತ್ತು, ನಾಳೆ ಎನ್ನುತ್ತಲೇ ಇದ್ದರು.

ಪೊಟ್ಟಣ ಬಂದದ್ದು ನಿನ್ನೆ ಸಂಜೆ. ಮನೆಯಲ್ಲಿ ಹಾಕಲಿಲ್ಲ.
ಕೆಳಮನೆಯ ಮುದುಕಿ ಹಿಲ್ಯಾ
ಪೊರಕೆಯ ಹಿಡಿಯಿಂದ ಸೂರು ಕುಟ್ಟುತ್ತಾಳೆ,
ಅದೂ ತಾಳ ತಪ್ಪಿ.

ಹಲ್ಲಿನಲ್ಲೇ ಪ್ಲಾಸ್ಟಿಕ್ ಹರಿದೆ.

ಪೀಠಿಕೆಯಿಲ್ಲ, ಕುಶಲವಿಲ್ಲ.
ಎರಡೂ ಗಿಟಾರು ಒಟ್ಟಿಗೆ ಒಳಗೆ ನುಗ್ಗಿದವು
ಬಾಗಿಲು ತಟ್ಟದ, ಬೂಟು ಬಿಚ್ಚದ
ಹಳೆಯ ಸ್ನೇಹಿತರ ಹಾಗೆ.
ಬಂದಿರೇನ್ರೋ ಪಾಪಿಗಳಾ, ಎಂದೆ ಜೋರಾಗಿ.
ಕ್ಯಾಬಿನ್ನಿನ ಗಾಜು ಮಬ್ಬಾಯಿತು.

ಎರಡನೆಯದರ ಬಗ್ಗೆ ಹೇಳುವುದೇನೂ ಇಲ್ಲ.
ಒಂದು ತಿರುವು, ಒಂದು ಬಸ್ ನಿಲ್ದಾಣ, ಮುಗಿಯಿತು.

ಮೂರನೆಯದಕ್ಕೆ ಮೂಗು ಮುರಿದೆ.
ಕೀಬೋರ್ಡು! ಈ ವಯಸ್ಸಿನಲ್ಲಿ!
ಸೌನಾದ ಕಾದ ಕಲ್ಲಿನ ಮೇಲೆ
ನಿಂಬೆಹಣ್ಣಿನ ಶರಬತ್ತು ಸುರಿದಂತೆ.

ಆಮೇಲೆ, ಡ್ರಮ್ಮು.
ಈಸಕ್ಕಿ ಈಗಿಲ್ಲ. ಎಂದರೆ ಇದ್ದಾನೆ,
ಮಣಿಕಟ್ಟನ್ನು ಮಾತ್ರ ಕೀಲುನೋವು ತಿಂದು ಹಾಕಿದೆ.
ಅವನ ಜಾಗದಲ್ಲಿ ಮಗಳು, ಹೆಲ್ಕಾ, ಇಪ್ಪತ್ತನಾಲ್ಕು.
ತಪ್ಪು ಹಿಡಿಯಲೆಂದೇ ಕಿವಿ ಮಸೆದುಕೊಂಡು ಬಂದಿದ್ದೆ.
ಅಪ್ಪನದು ಹಾಡಿಗಿಂತ ಮುಂದೆ ಓಡುವ ಕೈ,
ಬೆನ್ನಟ್ಟಿ ಹೋಗಬೇಕಿತ್ತು ನಾವು.
ಇವಳು ಒಂದು ಕೂದಲೆಳೆ ತಡ.
ಹೊಸದಾಗಿ ಹೆಪ್ಪುಗಟ್ಟಿದ ಕೆರೆಯ ಮೇಲೆ ನಡೆಯುವವರು ಹಾಗೆ:
ಮೊದಲು ಪಾದ, ಆಮೇಲೆ ಉಸಿರು,
ಕೊನೆಗೆ ಮೈಭಾರ.
ಪ್ರತಿ ಸಲ ಮುರಿಯುತ್ತದೆ ಅಂದುಕೊಂಡೆ.
ಮುರಿಯಲಿಲ್ಲ.

ನಾಲ್ಕನೆಯದರ ನಡುವೆ ಒಂದು ಚೀತ್ಕಾರ,
ರೋಮವೆಲ್ಲ ನಿಮಿರಿ ನಿಂತಿತು.
ಹಿಂದಕ್ಕೆ ತಿರುಗಿಸಿ ಮತ್ತೆ ಕೇಳಿದೆ, ಸಿಗಲಿಲ್ಲ.
ಅದು ಸೇತುವೆಯ ಕಬ್ಬಿಣಕ್ಕೆ ನನ್ನ ಅಲಗು ತಾಗಿದ್ದು.
ಹಾಡಿನಲ್ಲೇ ಇರಬೇಕಿತ್ತು.

ಐದನೆಯದು.
ಇಪ್ಪತ್ತಾರು ವರ್ಷ ಅವನು ಪಾತಾಳದಿಂದ ಗರ್ಜಿಸಿದ.
ಒಂದು ಪದವೂ ಅರ್ಥವಾಗುತ್ತಿರಲಿಲ್ಲ, ಅರ್ಥವಾಗಬೇಕಾಗಿಯೂ ಇರಲಿಲ್ಲ,
ಯುದ್ಧ, ಬೂದಿ, ಸತ್ತ ದೇವರುಗಳು, ಹೀಗೇ ಏನೋ.
ಈಗ ಆ ಗಂಟಲಿನಲ್ಲಿ ಗರ್ಜನೆ ಉಳಿದಿಲ್ಲ.
ಗೊಗ್ಗರು ದನಿಯಲ್ಲಿ, ಲೆಕ್ಕ ಒಪ್ಪಿಸುವವನಂತೆ ಹೇಳಿದ:
ಅಮ್ಮ ಹೋದ ಮೇಲೆ ಅವಳ ಫ್ರಿಜ್ಜು ಖಾಲಿ ಮಾಡಿದ್ದು,
ಅರ್ಧ ಬೆಣ್ಣೆಮುದ್ದೆ,
ಅದರ ಮೇಲೆ ಅವಳ ಚಾಕು ಎಳೆದ ಗೆರೆ.
ಎಸೆಯಲಾಗಲಿಲ್ಲ ಎಂದ. ತಿನ್ನಲೂ.
ಹಿಂದೆ ಗಿಟಾರುಗಳು ಗುಡುಗುತ್ತಲೇ ಇದ್ದವು, ಯಾರದೋ ಮೇಲೆ.

ಸೋಟ್ಕಮೋ ಇನ್ನೂ ಬಂದಿರಲಿಲ್ಲ.
ಅಲಗು ಎತ್ತಿ, ಹಳದಿ ದೀಪ ತಿರುಗಲು ಬಿಟ್ಟು,
ರಸ್ತೆಯ ಬದಿಗೆ ನಿಂತೆ.
ಪೈನ್ ಮರಗಳು ಹಳದಿಯಾದವು, ಕಪ್ಪಾದವು,
ಹಳದಿಯಾದವು.

ಆರು, ಏಳು ನಡೆದವು. ನಾನು ಅಲ್ಲಿರಲಿಲ್ಲ.
ಮಾರ್ಚಿನಲ್ಲಿ ಹಿಮ ಇಳಿದ ಮೇಲೆ ನ್ಯಾಯ ಮಾಡುತ್ತೇನೆ ಅವಕ್ಕೆ.
ಎಂಟನೆಯದು ಹನ್ನೊಂದು ನಿಮಿಷ, ಅದರಲ್ಲಿ ಮೂರು ಅನಗತ್ಯ.

ಫೋನಿನಲ್ಲಿ ಓನ್ನಿ. ಗಣಿಯ ರಾತ್ರಿಪಾಳಿಯಿಂದ
ಒಂದೇ ಪದ: ಹೇಗಿದೆ?

ಮುದುಕರಾಗಿದ್ದಾರೆ, ಎಂದು ಬರೆದೆ. ಅಳಿಸಿದೆ.
ಹಳೆಯದರ ಮುಂದೆ ಏನೂ ಅಲ್ಲ. ಅಳಿಸಿದೆ.
ಅದ್ಭುತ, ಎಂದು ಬರೆದೆ, ನನಗೇ ನಗು ಬಂತು.
ಕೈಚೀಲ ಬಿಚ್ಚಿ ಅದರ ಹಿಡಿತದ ಗೆರೆ ಬಿದ್ದ ಬೆರಳುಗಳಿಂದ
ಕೊನೆಗೆ ಇಷ್ಟು ಒತ್ತಿದೆ:

ಹುಡುಗಿ ಚೆನ್ನಾಗಿ ಬಾರಿಸುತ್ತಾಳೆ.
ಐದನೆಯದನ್ನು ಎರಡು ಸಲ ಕೇಳು.
ಅಡುಗೆಮನೆಯಲ್ಲಿ ಮಾತ್ರ ಬೇಡ.