ಮೂವತ್ತೊಂದು

ವಾರ್ಡೋ ಬಂದರು. ಸೂರ್ಯ ಮುಖ ತೋರಿಸದೆ ನಲವತ್ತು ದಿನ.
ಹಡಗುಗಳ ದಾಖಲೆ ಉರುಳುವ ಪರದೆಯಲ್ಲಿ
ಕೆಂಪು ಇರಬೇಕಾದಲ್ಲಿ ಕೆಂಪಿನ ನಂಬರು:
ಒಂಟಿ ಕಂಸ, ಮೂವತ್ತೊಂದು, ಬಾಲಕ್ಕೊಂದು ಎಮ್.
ಎಲೆಯ ಮೇಲೆ ಸಾರಿನ ಬದಲು
ಸಾಮಾನಿನ ಚೀಟಿ ಬಡಿಸಿದ ಹಾಗೆ.

ರಾಗ್ನ್‌ಫ್ರಿಡ್ ಕೈಗವಸು ಕಳಚಿ
ಮೂರು ರಾತ್ರಿ ಕೈಪಿಡಿ ತಿರುವಿದಳು.
ಕಡೆಗೆ ಬೇಕಾಗಿದ್ದು ಇಷ್ಟೇ:
ಲೆಸ್ ಎನ್ನುವ ಆಜ್ಞೆಯ ಪಕ್ಕ ಒಂದು ಅಡ್ಡಗೆರೆ, ದೊಡ್ಡ ಆರ್.

ಎಂಟರ್.
ಧಗ್ಗನೆ ಹೊತ್ತಿತು ಪರದೆ:
ಬಿರುಗಾಳಿ ಕೆಂಪು, ಬಂದು ತಲುಪಿದ ದೋಣಿ ಹಸಿರು,
ಅವಳ ಕಾಫಿ ಲೋಟದ ಮೇಲೂ ಒಂದಿಷ್ಟು.

ಪಾಳಿ ಬದಲಿಸಲು ಬಂದ ಒಡ್ವಾರ್
ಕನ್ನಡಕ ಒರೆಸಿದ, ಮತ್ತೆ ಒರೆಸಿದ.
"ಎಲ್ಲಿ ಹೋಯಿತು ನನ್ನ ಮೂವತ್ತೊಂದು?
ಕೆಂಪು ಹಸಿರು ಎರಡೂ ನನಗೆ ಕೆಸರು ಮಾರಾಯ್ತಿ,
ಇಷ್ಟು ವರ್ಷ ನಂಬರು ನೋಡಿಯೇ ಗಾಳಿ ಅಂತ ತಿಳೀತಿದ್ದೆ."

ಅವಳು ಕೋಟು ಬಿಚ್ಚಿ ಮತ್ತೆ ಕೂತಳು.
ಮೂವತ್ತೊಂದರ ಮುಂದೆ ಒಂದು ಏಳು ಸೇರಿಸಿದಳು.
ಬಿರುಗಾಳಿಯ ಸಾಲಷ್ಟೇ ಮಗುಚಿಕೊಂಡಿತು,
ಅಕ್ಷರ ಕತ್ತಲಾಗಿ, ಹಿಂದಿನದು ಬೆಳಕಾಗಿ.

"ಹಾಂ," ಅಂದ ಒಡ್ವಾರ್, "ಈಗ ಕಾಣ್ತು ಗಾಳಿ."