ರವಿವಾರದ ಗಡ್ಡ

ಕೂಡ್ರು ಬನಪ್ಪಾ, ಅಲುಗಾಡಬ್ಯಾಡ.
ಗದ್ದ ಎತ್ತು. ಹಾಂ, ಹಂಗ.
ಬೆಟಗೇರಿ ಓಣ್ಯಾಗ ಮಗ್ಗದ ಸಪ್ಪಳ
ಇವತ್ತೊಂದಿನ ಇಲ್ಲ,
ಬ್ಲೇಡಿನ ಕರಕರ ನಮ್ಮಿಬ್ಬರಿಗೂ ಕೇಳಸ್ತೈತಿ.

ಅಪ್ಪ ಇರೂತನಕ ಅಪ್ಪ ಮಾಡ್ತಿದ್ದ.
ಅಪ್ಪ ಹೋದ ಮ್ಯಾಲೆ
ಫಕೀರಪ್ಪನ ಅಂಗಡಿಗೆ ಕರಕೊಂಡು ಹೋದೆ.
ಕುರ್ಚಿ ತಿರುಗಿದ್ದಕ್ಕ ಹೆದರಿ ನೀ ಒದರಿದಿ.
ಪೇಪರ್ ಓದತಿದ್ದ ನಾಕು ಮಂದಿ
ಪೇಪರ್ ಇನ್ನಷ್ಟು ಮ್ಯಾಲೆತ್ತಿದರು.
ಫಕೀರಪ್ಪ ಭಾಳ ಸಾಧು ಮನುಷ್ಯ.
"ಅಕ್ಕಾರ, ಮಂದಿ ಕಡಿಮಿ, ಮಂಗಳವಾರ ಬರ್ರಿ" ಅಂದ.
ಮಂಗಳವಾರ ಅಂಗಡಿ ಬಂದ್.

ಮೊದಲ ಸಲ ನಾ ಕೊಯ್ದಿದ್ದು ಇಲ್ಲಿ, ಕಿವಿ ಕೆಳಗ.
ಕಲೆ ಇನ್ನೂ ಐತಿ, ಜೋಳದ ಕಾಳಿನಷ್ಟು.
ನೀ ಅಳಲಿಲ್ಲ. ನಾ ಅತ್ತೆ.
ನೀ ನೊರಿ ತಗೊಂಡು ನನ್ನ ಮೂಗಿಗೆ ಹಚ್ಚಿದಿ.

ಮೂವತ್ತಾರು ತುಂಬಿದ ಗಂಡಸು ನೀ.
ಹಿಟ್ಟಿನ ಗಿರಣ್ಯಾಗ ಪಾಳೆ ಹಚ್ಚಿದಾಗ
ಹುಲಿಗೆವ್ವ ಕಿವ್ಯಾಗ ಕೇಳ್ತಾಳ:
"ಜಳಕಾನೂ ನೀನ ಮಾಡಸ್ತೀಯೇನ?"
ಸಪ್ಪಳಕ್ಕ ಕೇಳಿಸಲಿಲ್ಲ ಅಂತೀನಿ.
ಮತ್ತ ಕೇಳಬೇಕಂದ್ರ ಆಕಿ ಒದರಬೇಕು,
ಒದರಾಕ ಆಕಿಗೆ ನಾಚಿಕಿ.
ಇಂಥಾದ್ದೊಂದು ಗಿರಣಿ ಎಲ್ಲಾ ಕಡೆ ಇರಬೇಕು.

ಮದುವಿ ಕಾರ್ಡ ಹಿಡಕೊಂಡು ಬಂದವರು
ಬಾಜು ಮನ್ಯಾಗ "ಎಲ್ಲಾರೂ ಬರ್ರಿ" ಅಂದಿರ್ತಾರ.
ನಮ್ಮ ಹೊಸ್ತಿಲದಾಗ "ನೀವು ಬರ್ರಿ" ಆಗ್ತೈತಿ.
ಮರ್ಯಾದಿಗೆ ಬಹುವಚನ,
ಊಟದ ಲೆಕ್ಕಕ್ಕ ಒಬ್ಬಾಕಿ.

ನಿನ್ನ ಹೆಬ್ಬೆಟ್ಟು ಮೂರನೇ ಸಲ ಒತ್ತಿಸಿಕೊಂಡು
ಪಿಂಚಣಿ ಆಫೀಸಿನವ ಹೇಳಿದ:
"ನಿಮ್ಮದು ದೊಡ್ಡ ತ್ಯಾಗ ಬಿಡ್ರಿ."
ಗುಳೇದಗುಡ್ಡದಿಂದ ಬಂದಿದ್ದ ಒಂದು ಮಾತು
ನಿನ್ನ ನೋಡಿ, ಚಹಾ ಕುಡದು, ಎದ್ದು ಹೋತು.
ನಾ ಬಿಟ್ಟಿದ್ದಲ್ಲ, ಅದು ಹೋಗಿದ್ದು.
ತ್ಯಾಗ ಅಲ್ರಿ, ಪಾಳೆ.
ಅವ್ವಂದು ಆತು, ಅಪ್ಪಂದು ಆತು, ಈಗ ನಂದು.

ಒಂದು ಮಾತು ಹೇಳ್ಲೇನ?
ಹೋದ ತಿಂಗಳ ನಿನ್ನ ರಾಜಾಬಿ ಮನ್ಯಾಗ ಬಿಟ್ಟು
ಹುಬ್ಬಳ್ಳಿಗೆ ನೂಲು ನೋಡಾಕ ಹೋಗಿದ್ನೆಲ್ಲ,
ಬಸ್ಸಿನ್ಯಾಗ ರೂಢಿ ಬಿದ್ದ ಕೈ
ನನ್ನ ಆಧಾರ್ ಜೋಡಿ ನಿನ್ನ ಪಾಸೂ ಚಾಚಿತು.
"ಎಲ್ಲಿ ಅದಾನ್ರಿ ಇವ?" ಅಂದ ಕಂಡಕ್ಟರ.
ಕಿಡಕಿ ಬಾಜು ನಾನ ಕೂತಿದ್ದೆ.
ಆ ಜಾಗಾ ಯಾವತ್ತೂ ನಿಂದು.

ಅಣ್ಣಿಗೇರಿ ಬರೂತನಕ ನಿಂದ ಧ್ಯಾನ.
ಅಣ್ಣಿಗೇರಿ ದಾಟಿದ ಮ್ಯಾಲೆ
ಕರಿ ಹೊಲ, ಕಡ್ಲಿ ಹಸರು, ಮಾರಿಗೆ ಬಡಿಯೂ ಗಾಳಿ.
ನಿನ್ನ ಮರತೆ ತಮ್ಮಾ.
ಪೂರಾ ಮರತೆ.
ದುರ್ಗದಬೈಲಿನ್ಯಾಗ ನಿಂತು ಒಂದು ಪ್ಲೇಟ ಮಿರ್ಚಿ
ಸಾವಕಾಶ ತಿಂದೆ, ಯಾರ ಬಾಯೀನೂ ವರಸದ.
ನೂಲಿನ ಅಂಗಡಿಯವ ತೋರಿಸಿದ ಮ್ಯಾಲೆ ಗೊತ್ತಾತು
ನನ್ನ ಬಾಯಿ ವರಸಿಕೊಂಡೇ ಇರಲಿಲ್ಲ.

ರಾತ್ರಿ ಬಂದಾಗ ರಾಜಾಬಿ ಖುಷಿಲೆ ಹೇಳಿದಳು:
"ಒಂದ ಸಲಾನೂ ನಿನ್ನ ಹುಡುಕಲಿಲ್ಲ ನೋಡವಾ,
ಶಾಣ್ಯಾ ಅದಾನ."
ಸಮಾಧಾನ ಆತು.
ಆಮ್ಯಾಲೆ ನಡುರಾತ್ರಿ ಎದ್ದು ಕೂತು
ನೀ ಯಾಕ ಹುಡುಕಲಿಲ್ಲ ಅಂತ
ನಿನ್ನ ಮ್ಯಾಲೆ ಸಿಟ್ಟಾದೆ.

ಗಂಟಲ ಹತ್ರ ಬಂದೀನಿ. ಇಲ್ಲಿ ಮಾತಾಡಬಾರದು.
ತೆಳ್ಳನ ತೊಗಲಿನ ಕೆಳಗ
ನೀ ಉಗುಳು ನುಂಗೂದು ಕಾಣ್ತೈತಿ.
ನನ್ನ ನಂತರ ಯಾರು ಅನ್ನೂದು
ಪ್ರತಿ ರವಿವಾರ ಇಲ್ಲೇ ಬಂದು ನಿಂದ್ರತೈತಿ.
ಉಸಿರು ಹಿಡದು
ಅದನ್ನ ಬಳಸಿಕೊಂಡು ಹೋಗಬೇಕು.
ಕೆಳಗಿನಿಂದ ಮ್ಯಾಲೆ, ಒಂದ ಗೆರಿ.

ಆತು.
ಕನ್ನಡಿ ನೋಡು. ನಗು ಎಷ್ಟು ಬೇಕಾದ್ರೂ.
ಇನ್ನೆರಡು ದಿನಕ್ಕ ಮತ್ತ ಮುಳ್ಳು ಮುಳ್ಳು ಬರ್ತೈತಿ.
ಬರ್ಲಿ.
ನಮ್ಮ ಅಂಗಡಿ ಮಂಗಳವಾರಾನೂ ತಗದಿರ್ತೈತಿ.