ಹೇಳಿ ಮುಟ್ಟು

ಮಲ್ಪೆ ದಕ್ಕೆಯಿಂದ ಫೋನು, ಬೆಳಿಗ್ಗೆ ಐದೂಕಾಲು:
"ಸೋನ್ಸರೇ, ಬಲೆಯಲ್ಲಿ ಎಂತದೋ ಕಬ್ಬಿಣ ಬಂದಿದೆ,
ಮೈಯೆಲ್ಲ ಚಿಪ್ಪು ಹಿಡಿದು ಹೋಗಿದೆ, ಒಮ್ಮೆ ನೋಡಿ."
ಯಾರೂ ಮುಟ್ಟಬೇಡಿ ಎಂದೆ.
"ಮುಟ್ಟಿ ಆಯ್ತು ಮಾರಾಯ್ರೆ, ತೊಳೆದೂ ಆಯ್ತು,
ಅದರ ಮೇಲೆ ಕೂತು ಚಾ ಕುಡಿದೂ ಆಯ್ತು"
ಅಂದ ತಾಂಡೇಲ ದಾಮು ಮೆಂಡನ್.

ಊರಲ್ಲಿ ನನ್ನನ್ನು ಬಾಂಬಿನ ಸೋನ್ಸ್ ಅನ್ನುತ್ತಾರೆ.
ಬಾಂಬಿಗೆ ಕೈ ಹಚ್ಚಿದ್ದು ಎರಡೋ ಮೂರೋ ಸಲ.
ನಾನು ಬರೆಯುತ್ತಿದ್ದೆ. ಎರಡನೇ ನಂಬರು.
ಒಂದನೇ ನಂಬರು ಒಬ್ಬನೇ ನಡೆದು ಹೋಗುತ್ತಾನೆ,
ಹಿಂದೆ, ಮರಳುಮೂಟೆಗಳ ಮರೆಯಲ್ಲಿ,
ಕಿವಿಗೆ ಫೋನು ಒತ್ತಿಕೊಂಡು ಕವುಚಿ ಮಲಗಿದವನು ನಾನು.
ಅವನು ಹೇಳಬೇಕು, ಆಮೇಲೆ ಮುಟ್ಟಬೇಕು.
"ಮಣ್ಣು ಸರಿಸುತ್ತೇನೆ." ಸರಿಸುತ್ತಾನೆ.
"ಎಡಕ್ಕೆ ಅರ್ಧ ತಿರುವು." ತಿರುಗಿಸುತ್ತಾನೆ.
ಹೇಳಿದ್ದಕ್ಕೂ ಮಾಡುವುದಕ್ಕೂ ನಡುವೆ
ಒಂದು ಉಸಿರಿನಷ್ಟು ಜಾಗ.
ನನ್ನ ಪೆನ್ಸಿಲು ಓಡಬೇಕಾದದ್ದು ಅಲ್ಲಿ.

ಯಾಕೆ ಬರೆಯುವುದೆಂದು ಮೊದಲ ದಿನ ಕೇಳಿದ್ದೆ.
ಉಸ್ತಾದರು ಹಳೆಯ ಪುಸ್ತಕವೊಂದನ್ನು ಬಿಡಿಸಿ ಹಿಡಿದರು.
ನಾನು ಹುಟ್ಟುವ ಮೊದಲಿನ ಯುದ್ಧ, ಯಾರದೋ ಉರುಟು ಅಕ್ಷರ:
"ಮುಚ್ಚಳ ಸಡಿಲಾಯಿತು. ಈಗ ಎತ್ತುತ್ತೇನೆ."
ಆಮೇಲೆ ಪುಟ ಬಿಳಿ.
ಮಗುಚಿದರೆ ಬೇರೆ ಕೈ, ಬೇರೆ ತಾರೀಕು:
"ಈ ಜಾತಿಯದರ ಮುಚ್ಚಳ ಎತ್ತಬಾರದು."
ಮೊನ್ನೆ ಮೊಮ್ಮಗಳ ಶಾಲೆಯವರು ಕೇಳಿದರು
ಪ್ಲಟೂನಿನ ಚರಿತ್ರೆ: ಯುದ್ಧ ಎಷ್ಟು, ಪದಕ ಎಷ್ಟು.
ನನಗೆ ನೆನಪಾದದ್ದು ಆ ಬಿಳಿ ಅರ್ಧ ಪುಟ.

ಹನ್ನೊಂದು ವರ್ಷ ನನ್ನ ಒಂದನೇ ನಂಬರು ಪೊನ್ನುರಂಗಂ.
ಅವನಿಗೆ ಕನ್ನಡ ಬಾರದು, ನನ್ನ ತಮಿಳು ಅಷ್ಟಕ್ಕಷ್ಟೆ,
ಹರಕು ಹಿಂದಿಯಲ್ಲೇ ನಮ್ಮ ಜೀವದ ವ್ಯವಹಾರ.
ಕಛ್‌ನ ಉಪ್ಪುನೆಲದಲ್ಲಿ ಒಮ್ಮೆ, ಎಪ್ಪತ್ತೊಂದರದ್ದೊಂದು ಬಾಂಬು,
"ಸೋನ್ಸ್, ಪಕ್ಕದಲ್ಲೇ ಹಕ್ಕಿ ಮೊಟ್ಟೆ ಇಟ್ಟಿದೆ. ಮೂರು.
ಮೊದಲು ಅವನ್ನು ಸರಿಸುತ್ತೇನೆ."
ಬರೆದೆ. ಸಾಹೇಬರು ಬೈದರು. ಅಳಿಸಲಿಲ್ಲ.

ಅವನು ಸತ್ತದ್ದು ಕಾಮಾಲೆಯಿಂದ,
ತಿಂಡಿವನದ ಸರಕಾರಿ ಆಸ್ಪತ್ರೆಯಲ್ಲಿ.
ಏನೂ ಹೇಳದೆ ಹೋದನಂತೆ.
ಈಗಲೂ ಜಯವಂತಿ ಕುಕ್ಕರಿನ ಮುಚ್ಚಳಕ್ಕೆ ಕೈ ಹಾಕಿದರೆ
ನನ್ನ ಬೆರಳು ಪೆನ್ಸಿಲು ಹುಡುಕುತ್ತದೆ.

ದಕ್ಕೆಯಲ್ಲಿ ಬಂಗುಡೆಯ ಏಲಂ ನಿಲ್ಲಲೇ ಇಲ್ಲ.
ಹಗ್ಗ ಕಟ್ಟಿದೆ, ಕೂಗಿದೆ, ಗಂಟಲು ಬಿತ್ತು.
ಹಗ್ಗದ ಅಡಿಯಿಂದ ನುಸುಳಿ ಬಂದ ಹೆಂಗಸೊಬ್ಬಳು
"ನನ್ನ ಬುಟ್ಟಿ ಅಲ್ಲೇ ಉಂಟು" ಎಂದು ಜಗಳಾಡಿ
ಬುಟ್ಟಿ ತೆಗೆದುಕೊಂಡೇ ಹೋದಳು.
ತಂಡ ಬರುವಾಗ ಮಧ್ಯಾಹ್ನ.
ಕ್ಯಾಪ್ಟನ್ ಹುಡುಗಿ, ನನ್ನ ಮಗಳಿಗಿಂತ ಚಿಕ್ಕವಳು,
ದಪ್ಪ ಅಂಗಿಯೊಳಗೆ ಬೆವರುತ್ತಿದ್ದಳು.
ಬರೆಯುವವರು ಯಾರು ಎಂದು ಕೇಳಿದೆ.
ಹೆಲ್ಮೆಟ್ಟಿನ ಕ್ಯಾಮೆರಾ ತಟ್ಟಿ ತೋರಿಸಿದಳು:
"ಎಲ್ಲ ರೆಕಾರ್ಡ್ ಆಗ್ತದೆ ಅಂಕಲ್."

ಆದರೂ ಏಲಂ ಚೀಟಿಯ ಹಿಂದೆ ಬರೆದೆ:
ಎರಡು ಹತ್ತು. ಪಡುಕೆರೆ ಮರಳು. ಒಬ್ಬಳೇ ಹೊರಟಳು.
ಎರಡು ಐವತ್ತು. ವಾಪಸು ಬಂದಳು, ನೀರು ಕೇಳಿದಳು.
ಮೂರು ಐದು. ಸದ್ದು. ಕಾಗೆಗಳು.
ಆಮೇಲೆ ತುಂಬ ಹೊತ್ತು ಮರಳು
ದೋಣಿಯ ಟಾರ್ಪಾಲಿನ ಮೇಲೆ ಉದುರುತ್ತಿತ್ತು.

ದಾಮು ಹತ್ತಿರ ಬಂದು ತಗ್ಗಿದ ದನಿಯಲ್ಲಿ,
"ಹರಿದ ಬಲೆಗೆ ದುಡ್ಡು ಯಾರು ಕೊಡುವುದು, ಸೋನ್ಸರೇ?"
ಅದನ್ನೂ ಬರೆದುಕೊಂಡೆ.